ಎಂಜಿನ್ ಗಟ್ಟಿಯೋ, ಯಜಮಾನ ಗಟ್ಟಿಯೋ?

ಹರಿಹರದ ಯಂತ್ರಾಪುರದಲ್ಲಿದ್ದ ಭಾವನವರ ಮನೆಯ ಜಗುಲಿಯ ಮೇಲೆ ಭಾನುವಾರ ಸಂಜೆ ಮಿರ್ಚಿ-ಮಂಡಕ್ಕಿಯ ಸಮೇತ ನಡೆಯುತ್ತಿದ್ದ ವಾದಗಳನ್ನು ನಮ್ಮ ಬಂಧುಗಳಾರೂ ಮರೆತಿರಲಾರರು. ಭಾವನವರದು ಅಂಬಾಸಿಡರ್ ಪಕ್ಷ, ನನ್ನದು ಫಿಯಟ್ ಪಕ್ಷ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳ ನಡುವೆ ಆಯುಷ್ಯ ಕಳೆದ ಅವರಿಗೆ ಯಂತ್ರದ ವಿಷಯದಲ್ಲಿ ಮಾತನಾಡುವ ಹಕ್ಕು ನನಗಿಂತ ಹೆಚ್ಚಿತ್ತು. ಗಂಟಲು ಮಾತ್ರ ನನ್ನದೇ ದೊಡ್ಡದು.

"ನಿಮ್ಮ 1089 ಸಿಸಿ ಎಂಜಿನ್ ಏರು ಬಂದರೆ ದೇವರನಾಮ ಹಾಡತೈತಲ್ರಿ ಮೇಷ್ಟ್ರೇ" ಎಂದು ಅವರು ಛೇಡಿಸುವರು. "ನಿಮ್ಮ 1489 ಸಿಸಿ ಎಂಜಿನ್ ನಿಂತಲ್ಲೆಲ್ಲ ಆಯಿಲ್ ತೊಟ್ಟಿಕ್ಕಿಸಿ ರಂಗೋಲಿ ಬಿಡುವುದಿಲ್ಲವೇ?" ಎಂದು ನಾನು. ಸೋದರಳಿಯ ಮಾರುತಿ 800 ತಂದಾಗ, ಮೂರು ಸಿಲಿಂಡರಿನ 796 ಸಿಸಿಯದೂ ಒಂದು ಎಂಜಿನ್ನೇ ಎಂದು ನಾವಿಬ್ಬರೂ ಒಂದೇ ಪಕ್ಷವಾಗಿ ನಕ್ಕೆವು. ಚಳಿಗಾಲದ ಬೆಳಿಗ್ಗೆ ಒಂದೇ ಕೀಲಿಗೆ ಅದು ಹೊರಟುಹೋಯಿತು. ನಮ್ಮೆರಡು ಗಾಡಿಗಳನ್ನು ತಳ್ಳಲು ಹುಡುಗರನ್ನು ಕೂಗಬೇಕಾಯಿತು.

ಹಳೆಯ ಎಂಜಿನ್‌ಗಳು ಕಬ್ಬಿಣದ ಕಡಲೆ, ಈಗಿನವು ಬರೀ ತಗಡು ಎಂಬ ಮಾತನ್ನು ನನ್ನ ವಯಸ್ಸಿನವರು ಇಂದಿಗೂ ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಆ ಎಂಜಿನ್‌ಗಳಿಗೆ ವಾರಕ್ಕೊಮ್ಮೆ ಪಾಯಿಂಟ್ ಉಜ್ಜಬೇಕಿತ್ತು, ಕಾರ್ಬುರೇಟರ್ ಬಿಚ್ಚಬೇಕಿತ್ತು, ಕೆಲವು ವರ್ಷಕ್ಕೆ ಬೋರ್ ಮಾಡಿಸಿ ಹೊಸ ರಿಂಗ್ ಹಾಕಿಸಬೇಕಿತ್ತು. ಅವು ಪದೇ ಪದೇ ಕೈಕೊಡುತ್ತಿದ್ದುದರಿಂದಲೇ ನಾವು ಬಾನೆಟ್ ಎತ್ತುತ್ತಿದ್ದೆವು; ಎತ್ತಿದಾಗ ಆಯಿಲ್, ನೀರು, ಬೆಲ್ಟು ಕಣ್ಣಿಗೆ ಬೀಳುತ್ತಿದ್ದವು. ಹೊಸ ಎಂಜಿನ್ ಕೈಕೊಡುವುದಿಲ್ಲವಾದ್ದರಿಂದ ಯಾರೂ ಬಾನೆಟ್ ಎತ್ತುವುದಿಲ್ಲ.

ಇಷ್ಟು ತಿಳಿದೂ ನಾನೊಂದು ತಪ್ಪು ಮಾಡಿದೆ. ದಾವಣಗೆರೆಯಲ್ಲಿದ್ದು ಹರಿಹರದಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೆ ಗಾಡಿ ಕೊಳ್ಳುವಾಗ ಸಲಹೆ ಕೇಳಿದ. "ಡೀಸೆಲ್ ತಗೊಳ್ಳೋ, ಗಟ್ಟಿ ಎಂಜಿನ್ನು" ಎಂದುಬಿಟ್ಟೆ. ಏಪ್ರಿಲ್ 2020ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಗಾಡಿ ಅದು. ಅಂಥ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿರುತ್ತದೆ. ಎಂಜಿನ್ ಚೆನ್ನಾಗಿ ಕಾದು ಒಂದೇ ಸಮನೆ ಓಡಿದಾಗ ಮಾತ್ರ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ನಮ್ಮ ಹುಡುಗನ ದಾರಿಯೋ ಹದಿನಾಲ್ಕು ಕಿಲೋಮೀಟರು. ನಡುವೆ ನಾಲ್ಕು ಕಡೆ ಸಾಮಾನು ಇಳಿಸಲು ಎಂಜಿನ್ ಆರಿಸುವುದು ಬೇರೆ. ಸುಡಲೆಂದು ಹೆಚ್ಚಾಗಿ ಚಿಮ್ಮಿದ ಡೀಸೆಲ್, ಕೆಲಸ ಅರ್ಧಕ್ಕೇ ನಿಂತಾಗ, ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ, ಆದರೆ ನೀರಿನಂತೆ ತೆಳ್ಳಗಾಗಿರುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತಬಲ್ಲ ಟರ್ಬೊ ಆ ಆಯಿಲನ್ನೇ ನಂಬಿರುತ್ತದೆ.

"ಹತ್ತು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಅಂದಿದ್ರು ಸರ್, ಇನ್ನೂ ಆಗಿರಲಿಲ್ಲ" ಎಂದು ಅವನು ನನ್ನ ಮುಂದೆ ನಿಂತಾಗ ನನಗೆ ಲೆಕ್ಕದ ಮೇಷ್ಟರ ನೆನಪಾಯಿತು. ದಿನಕ್ಕೆ ಇಪ್ಪತ್ತೆಂಟು, ವರ್ಷಕ್ಕೆ ಮುನ್ನೂರು ದಿನ: 8,400. ವರ್ಷ ತುಂಬಿ ಎರಡು ತಿಂಗಳಾಗಿತ್ತು. ಹತ್ತು ಸಾವಿರ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಸಾಲು ಪುಸ್ತಕದಲ್ಲಿತ್ತು, ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಎಚ್ಚರಿಕೆಯ ದೀಪ ಹೊತ್ತಿದ್ದಾಗ ಅದೇನೆಂದು ತಿಳಿಯದೆ ವಾರಗಟ್ಟಲೆ ಓಡಿಸಿದ್ದ. ಮಗಳ ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ಟರ್ಬೊ ಬದಲಿಸಲು ಹೋಯಿತು.

ಗಾಡಿ ಗಟ್ಟಿಯೇ ಎಂದು ಕೇಳುವ ಮೊದಲು, ದಿನಕ್ಕೆ ಎಷ್ಟು ದೂರ, ಎಷ್ಟು ಸಲ ನಿಲ್ಲಿಸುತ್ತೀ ಎಂದು ನಾನು ಕೇಳಬೇಕಿತ್ತು. ಅವನ ಓಡಾಟಕ್ಕೆ ಸಣ್ಣ ಪೆಟ್ರೋಲ್ ಗಾಡಿ ಸಾಕಿತ್ತು. ಗಾಡಿ ಮಾರುವವರ ಮೇಲೂ ನನಗೊಂದು ಆಕ್ಷೇಪವಿದೆ. ಕನ್ನಡನಾಡಿನಲ್ಲಿ ಲಕ್ಷಾಂತರ ರೂಪಾಯಿಯ ವಸ್ತು ಮಾರುವವರು ದೀಪಗಳ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಟ್ಟರೆ ಗಂಟೇನೂ ಕರಗದು.

ಮೊನ್ನೆ ಅವನನ್ನು ಭಾವನವರಲ್ಲಿಗೆ ಕರೆದೊಯ್ದೆ. ಕಣ್ಣು ಮಂಜಾದರೂ ಅವರು ಬಾನೆಟ್ ಎತ್ತಿಸಿ, ಆಯಿಲ್ ಕಡ್ಡಿ ಎಳೆದು, ಬೆರಳಿನಲ್ಲಿ ತಿಕ್ಕಿ ಮೂಸಿದರು. "ಈಗ ಚಲೋ ಐತಿ" ಎಂದರು. ಅಂಬಾಸಿಡರಿಗಾಗಿ ತಾರೀಖು ಬರೆದಿಡುತ್ತಿದ್ದ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದಿದ್ದ ಹಾಳೆಗಳನ್ನು ಹರಿದು ಅವನಿಗೆ ಕೊಟ್ಟರು. ಆಮೇಲೆ ನನ್ನತ್ತ ನೋಡಿ, "ತಮ್ಮಾ, ಪಾಠ ಬೇಕಾದ್ರ ಮೇಷ್ಟ್ರ ಹತ್ರ ಕೇಳು, ಗಾಡಿ ಬೇಕಾದ್ರ ನನ್ನ ಹತ್ರ ಬಾ" ಎಂದರು. ಫಿಯಟ್ಟಿನ ಪರವಾಗಿ ಉತ್ತರ ಕೊಡಬೇಕೆನ್ನುವಷ್ಟರಲ್ಲಿ ಒಳಗಿನಿಂದ ಅಕ್ಕ ಮಿರ್ಚಿಯ ತಟ್ಟೆ ತಂದಳು.