ಮಕ್ಕಳಿರುವ ಮನೆಯಲ್ಲಿ ಟಿವಿ ಇರಬೇಕೇ? ಫಾರ್ವರ್ಡ್‌ಗಳಲ್ಲಿ ಸತ್ಯ ಎಷ್ಟು, ಭಯ ಎಷ್ಟು

"ಮಕ್ಕಳಿರುವ ಮನೆಯಲ್ಲಿ ಟಿವಿ ಇಡಬೇಡಿ. ಬುದ್ಧಿ ಮಂದವಾಗುತ್ತದೆ, ಕಣ್ಣು ಹಾಳಾಗುತ್ತದೆ. ಹತ್ತು ಜನರಿಗೆ ಕಳುಹಿಸಿ." ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಓದಿದ ಕೂಡಲೇ ಅಮ್ಮಂದಿರ ಮನಸ್ಸಿನಲ್ಲಿ ಮೂಡುವುದು ತಪ್ಪಿತಸ್ಥ ಭಾವ. ರೊಟ್ಟಿ ಬಡಿಯುವ ಹೊತ್ತಿಗೆ ಹಟ ಮಾಡುವ ಕೂಸಿನ ಮುಂದೆ ಟಿವಿ ಹಚ್ಚದ ಮನೆ ಗದಗ-ಬೆಟಗೇರಿಯಲ್ಲಾಗಲಿ, ಮುಂಡರಗಿಯಲ್ಲಾಗಲಿ ಎಷ್ಟಿದ್ದೀತು?

ಇದೇ ಗದಗ ಜಿಲ್ಲೆಯ ಇನ್ನೊಂದು ಘಟನೆಯನ್ನೂ ನೆನಪಿಸಿಕೊಳ್ಳಿ. 2020ರ ಜುಲೈ. ಕೊರೊನಾದಿಂದ ಶಾಲೆಗಳು ಬಂದ್ ಆಗಿದ್ದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠ ಶುರುವಾಯಿತು. ನರಗುಂದ ತಾಲ್ಲೂಕಿನ ಹಳ್ಳಿಯೊಂದರ ತಾಯಿ, ಮಕ್ಕಳು ಪಾಠ ತಪ್ಪಿಸಿಕೊಳ್ಳಬಾರದೆಂದು ತಾಳಿ ಅಡವಿಟ್ಟು ಟಿವಿ ತಂದರು. ಆ ಸುದ್ದಿ ದೇಶದಾದ್ಯಂತ ಹರಡಿತು.

ಒಂದು ಕಡೆ ಟಿವಿ ಹೊರಗೆ ಹಾಕಿ ಎನ್ನುವ ಸಂದೇಶ, ಇನ್ನೊಂದು ಕಡೆ ಟಿವಿಗಾಗಿ ತಾಳಿ ಅಡವಿಟ್ಟ ತಾಯಿ. ಯಾವುದು ಸರಿ? ಒಂದೊಂದಾಗಿ ನೋಡೋಣ.

ನಮ್ಮ ಭಾಗಕ್ಕೆ ಟಿವಿ ಬಂದದ್ದೇ ಮಕ್ಕಳಿಗಾಗಿ

1975ರ ಆಗಸ್ಟ್ 1ರಿಂದ ಒಂದು ವರ್ಷ ಭಾರತದಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹವನ್ನು ಬಳಸಿ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಮುಂಡರಗಿಯ ನೆರೆಯ ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು.

ಆ ಟಿವಿಗಳು ಯಾರ ಮನೆಯಲ್ಲೂ ಇರಲಿಲ್ಲ. ಶಾಲೆಯಲ್ಲೋ ಪಂಚಾಯಿತಿಯಲ್ಲೋ ಇದ್ದವು. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯದ ಕಾರ್ಯಕ್ರಮ. ಎಲ್ಲರೂ ಕೂಡಿ ನೋಡುತ್ತಿದ್ದರು. ವೇಳೆ ಮುಗಿದ ಮೇಲೆ ಬಂದ್. ಇಂದಿನ ನಮ್ಮ ಮನೆಗಳ ಟಿವಿಗೂ ಆ ಟಿವಿಗೂ ದೊಡ್ಡ ವ್ಯತ್ಯಾಸ ಇದೇ: ಅದನ್ನು ಬಂದ್ ಮಾಡುವ ಹೊತ್ತು ಮೊದಲೇ ಗೊತ್ತಿತ್ತು.

ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆಯೇ?

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. 1967ರಲ್ಲಿ ಅಮೆರಿಕದಲ್ಲಿ ಕೆಲವು ಬಣ್ಣದ ಟಿವಿಗಳಿಂದ ಮಿತಿಗಿಂತ ಹೆಚ್ಚು ಎಕ್ಸ್-ರೇ ಹೊರಬರುತ್ತಿದೆ ಎಂದು ಪತ್ತೆಯಾಯಿತು. ದೂರ ಕೂರಿ ಎಂಬ ಎಚ್ಚರಿಕೆ ಆಗ ಎಲ್ಲೆಡೆ ಹರಡಿತು. ಅದು ಹಳೆಯ ಗಾಜಿನ ಟ್ಯೂಬಿನ ಟಿವಿಗಳ ಕಾಲದ ಮಾತು. ಇಂದಿನ ಎಲ್‌ಇಡಿ ಟಿವಿಯಲ್ಲಿ ಆ ಟ್ಯೂಬೇ ಇಲ್ಲ, ಎಕ್ಸ್-ರೇ ಹುಟ್ಟುವ ಪ್ರಶ್ನೆಯೂ ಇಲ್ಲ.

ಆದರೆ ಮಗು ಪದೇ ಪದೇ ಟಿವಿಗೆ ಹತ್ತಿರ ಹೋಗಿ ನಿಲ್ಲುತ್ತಿದ್ದರೆ ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ದೂರದ್ದು ಸರಿಯಾಗಿ ಕಾಣದೇ ಇರುವುದರಿಂದಲೇ ಅದು ಹತ್ತಿರ ಹೋಗುತ್ತಿರಬಹುದು.

ಕಣ್ಣಿಗೆ ನಿಜಕ್ಕೂ ಬೇಕಾದದ್ದು ಹೊರಗಿನ ಬೆಳಕು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯ ವೇಳೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚು ಬಯಲಿಗೆ ಬಿಟ್ಟು ನೋಡಿದರು. ಮೂರು ವರ್ಷಗಳ ನಂತರ ಆ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಬಂದದ್ದು ಶೇ 30ರಷ್ಟು ಮಂದಿಗೆ. ಹಾಗೆ ಬಿಡದ ಶಾಲೆಗಳಲ್ಲಿ ಸುಮಾರು ಶೇ 40. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಂದರೆ, ಸಂಜೆ ಓಣಿಯಲ್ಲಿ ಆಡಬೇಕಾದ ಮಗುವನ್ನು ಟಿವಿ ಒಳಗೆ ಹಿಡಿದು ಕೂರಿಸಿದರೆ ಕಣ್ಣಿಗೆ ನಷ್ಟವೇ.

ಬುದ್ಧಿ ಮಂದವಾಗುತ್ತದೆಯೇ?

ಇಲ್ಲಿ ಎರಡು ಅಧ್ಯಯನಗಳು ಎರಡು ರೀತಿ ಹೇಳುತ್ತವೆ.

1970ರ ದಶಕದಲ್ಲಿ ಕೆನಡಾದ ಕಣಿವೆಯೊಂದರಲ್ಲಿದ್ದ ಪಟ್ಟಣಕ್ಕೆ ಟಿವಿ ಸಿಗ್ನಲ್ ಸಿಗುತ್ತಿರಲಿಲ್ಲ. ಸಂಶೋಧಕರು ಟಿವಿ ಬರುವ ಮೊದಲು ಮತ್ತು ಬಂದು ಎರಡು ವರ್ಷಗಳ ನಂತರ ಅಲ್ಲಿನ ಮಕ್ಕಳನ್ನು ಪರೀಕ್ಷಿಸಿದರು. ಮೊದಲು ಅಲ್ಲಿನ ಎರಡನೇ ತರಗತಿಯ ಮಕ್ಕಳು ಟಿವಿ ಇದ್ದ ಊರುಗಳ ಮಕ್ಕಳಿಗಿಂತ ಸರಾಗವಾಗಿ ಓದುತ್ತಿದ್ದರು. ಟಿವಿ ಬಂದ ಮೇಲೆ ಆ ಮುನ್ನಡೆ ಉಳಿಯಲಿಲ್ಲ.

ಇನ್ನೊಂದು, ಇಬ್ಬರು ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ್ದು. ಅಮೆರಿಕದಲ್ಲಿ ಕೆಲವು ಊರುಗಳಿಗೆ ಟಿವಿ ಬೇಗ ಬಂತು, ಕೆಲವಕ್ಕೆ ತಡವಾಗಿ ಬಂತು. ಆ ಮಕ್ಕಳ ಮುಂದಿನ ಪರೀಕ್ಷೆ ಅಂಕಗಳನ್ನು ಹೋಲಿಸಿದರೆ ಟಿವಿಯಿಂದ ಹಾನಿ ಕಾಣಲಿಲ್ಲ. ತಾಯಿ ಹೆಚ್ಚು ಓದಿರದ, ಮನೆಯಲ್ಲಿ ಇಂಗ್ಲಿಷ್ ಮಾತನಾಡದ ಮಕ್ಕಳಿಗೆ ಸ್ವಲ್ಪ ಲಾಭವೇ ಆಗಿತ್ತು.

ಇವೆರಡನ್ನೂ ಜೋಡಿಸಿ ನೋಡಿದರೆ ಕಾಣುವ ಅರ್ಥ ಇದು: ಟಿವಿ ಯಾವುದರ ಜಾಗವನ್ನು ಕಸಿಯುತ್ತದೆ ಎಂಬುದೇ ಮುಖ್ಯ. ಓದು, ಆಟ, ಅಜ್ಜಿಯ ಜೊತೆಗಿನ ಹರಟೆಯ ಜಾಗವನ್ನು ಕಸಿದರೆ ನಷ್ಟ. ಸಿಗದಿದ್ದ ಪಾಠವನ್ನು ಮನೆಗೆ ತಂದರೆ ಲಾಭ. ನರಗುಂದದ ಆ ತಾಯಿಯ ಲೆಕ್ಕ ತಪ್ಪಿರಲಿಲ್ಲ.

ಎರಡು ವರ್ಷದೊಳಗಿನ ಕೂಸಿಗೆ ಬೇಡವೇ ಬೇಡ

ಒಂದು ವಿಷಯದಲ್ಲಿ ಮಾತ್ರ ಫಾರ್ವರ್ಡ್‌ಗಳ ಎಚ್ಚರಿಕೆಯಲ್ಲಿ ಹುರುಳಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಲೇಬಾರದು ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ. ಯಾವಾಗಲೋ ಒಮ್ಮೆ ಮಾಡುವ ವಿಡಿಯೊ ಕಾಲ್‌ಗೆ ಮಾತ್ರ ವಿನಾಯಿತಿ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಅದೂ ದೊಡ್ಡವರ ಜೊತೆ. ಐದರಿಂದ ಹತ್ತರವರಿಗೆ ಎರಡು ತಾಸಿಗಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಣ್ಣ ಮಕ್ಕಳಿಗೆ ಹೇಳಿದ ಮಿತಿಯೂ ಬಹುತೇಕ ಇದೇ.

ಕಾರಣ ಸರಳ. ಕೂಸು ಮಾತು ಕಲಿಯುವುದು ಎದುರಿಗಿರುವ ಮನುಷ್ಯರಿಂದ. ನೀವು "ಏನ್ ಬೇಕು ನಿನಗ?" ಎಂದರೆ ಅದು ನಿಮ್ಮ ಮುಖ ನೋಡುತ್ತದೆ, ಕೈ ತೋರಿಸುತ್ತದೆ, ಏನೋ ತೊದಲುತ್ತದೆ. ನೀವು ಅದಕ್ಕೆ ಮತ್ತೆ ಉತ್ತರಿಸುತ್ತೀರಿ. ಟಿವಿ ಮಾತನಾಡುತ್ತದೆ, ಆದರೆ ಕೂಸು ಕೇಳಿದ್ದಕ್ಕೆ ಉತ್ತರಿಸುವುದಿಲ್ಲ.

ಯಾರೂ ನೋಡದ ಟಿವಿಯೂ ಕೆಡಿಸುತ್ತದೆ

ಇದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದು ಕಡಿಮೆ. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಹಚ್ಚಿದ ಟಿವಿ ರಾತ್ರಿವರೆಗೂ ಓಡುತ್ತಲೇ ಇರುತ್ತದೆ. ಯಾರೂ ನೋಡುತ್ತಿರುವುದಿಲ್ಲ, ಸಪ್ಪಳ ಇರಲಿ ಎಂದಷ್ಟೇ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಣ್ಣ ಮಕ್ಕಳ ಬಟ್ಟೆಗೆ ಪುಟ್ಟ ರೆಕಾರ್ಡರ್ ಇಟ್ಟು ಲೆಕ್ಕ ಹಾಕಿದರು. ಟಿವಿ ಸದ್ದು ಕೇಳಿಸುವ ಪ್ರತಿ ಒಂದು ತಾಸಿಗೆ, ಮಗು ದೊಡ್ಡವರಿಂದ ಕೇಳುವ ಮಾತು ಸುಮಾರು 770 ಪದಗಳಷ್ಟು ಕಡಿಮೆ ಇತ್ತು. ಟಿವಿ ಮಾತನಾಡತೊಡಗಿದರೆ ಮನೆಯವರು ಸುಮ್ಮನಾಗುತ್ತಾರೆ.

ಏನು ನೋಡುತ್ತದೆ ಎಂಬುದೂ ಮುಖ್ಯ

ಕಂಡದ್ದೆಲ್ಲ ನಟನೆ ಎಂದು ಸಣ್ಣ ಮಕ್ಕಳಿಗೆ ತಿಳಿಯುವುದಿಲ್ಲ. 2017ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಧಾರಾವಾಹಿಯ ದೃಶ್ಯವನ್ನು ಅನುಕರಿಸಲು ಹೋಗಿ ಪ್ರಾಣ ಕಳೆದುಕೊಂಡಳು ಎಂದು ವರದಿಯಾಗಿತ್ತು. ಅಮ್ಮ, ಅಜ್ಜಿ ನೋಡುವ ಧಾರಾವಾಹಿಯನ್ನು ಪಕ್ಕದಲ್ಲಿ ಕೂತ ಮಗುವೂ ನೋಡುತ್ತಿರುತ್ತದೆ. "ಇದು ಖರೇ ಅಲ್ಲವ್ವಾ, ನಾಟಕ" ಎಂದು ಹೇಳುವವರು ಜೊತೆಯಲ್ಲಿರಬೇಕು. ದೆವ್ವ, ಬೆಂಕಿ, ನೇಣಿನ ದೃಶ್ಯಗಳಿರುವ ಧಾರಾವಾಹಿ ಮಕ್ಕಳು ಮಲಗಿದ ಮೇಲೆ ಸಾಕು.

ಟಿವಿ ತೆಗೆದು ಮೊಬೈಲ್ ಕೊಟ್ಟರೆ?

ಇದು ಈಗಿನ ದೊಡ್ಡ ತಪ್ಪು. ಹಾಲ್‌ನಲ್ಲಿರುವ ಟಿವಿಯಲ್ಲಿ ಏನು ಬರುತ್ತಿದೆ ಎಂದು ಒಲೆ ಮುಂದೆ ಕೂತೇ ಗೊತ್ತಾಗುತ್ತದೆ. ಕೌದಿಯೊಳಗೆ ಹಿಡಿದ ಮೊಬೈಲಿನಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ವಿಡಿಯೊ ತಾನೇ ಶುರುವಾಗುತ್ತದೆ. ಟಿವಿ ಮಾರಿ, ಮೊಬೈಲ್ ಮಗುವಿನ ಕೈಯಲ್ಲೇ ಉಳಿದರೆ ಏನೂ ಬದಲಾಗುವುದಿಲ್ಲ.

ಹಲಗಾದ ಸೈರನ್

ಹಾಗಾದರೆ ದಾರಿ ಯಾವುದು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಮೊಳಗತೊಡಗಿತು. ಆಗಿನಿಂದ ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಬೆಳಗಾವಿ ಹತ್ತಿರದ ಹಲಗಾದಲ್ಲೂ ಸಂಜೆ ಏಳರಿಂದ ಒಂಬತ್ತರವರೆಗೆ ಇಂಥದೇ ನಿಯಮ ಜಾರಿಗೆ ಬಂತು. ಗಮನಿಸಿ, ಈ ಹಳ್ಳಿಗಳು ಟಿವಿ ಇಡಬೇಡಿ ಎನ್ನಲಿಲ್ಲ. ಬಂದ್ ಮಾಡುವ ಹೊತ್ತು ಗೊತ್ತು ಮಾಡಿದವು. ಆ ನಿಯಮ ದೊಡ್ಡವರಿಗೂ ಅನ್ವಯಿಸುತ್ತದೆ.

ನಿಮ್ಮ ಮನೆಗೆ ಸೈರನ್ ಬೇಕಿಲ್ಲ. ಇಷ್ಟು ಮಾಡಿ:

- ಎರಡು ವರ್ಷದೊಳಗಿನ ಕೂಸಿದ್ದರೆ, ಅದು ಎಚ್ಚರವಿರುವಾಗ ಟಿವಿ ಹಚ್ಚಬೇಡಿ.
- ಊಟದ ಹೊತ್ತಿಗೆ ಮತ್ತು ಮಲಗುವ ಒಂದು ತಾಸು ಮೊದಲು ಟಿವಿ, ಮೊಬೈಲ್ ಎರಡೂ ಬಂದ್.
- ಮಕ್ಕಳು ಮಲಗುವ ಕೋಣೆಯಲ್ಲಿ ಟಿವಿ ಬೇಡ.
- ನೋಡುವ ಕಾರ್ಯಕ್ರಮ ಮುಗಿದ ಕೂಡಲೇ ಆರಿಸಿ. ಸಪ್ಪಳಕ್ಕೆಂದು ಹಚ್ಚಿಡಬೇಡಿ.
- ಟಿವಿಯನ್ನು ಗೋಡೆಗೆ ಭದ್ರವಾಗಿ ಕೂರಿಸಿ. ಸಣ್ಣ ಮಕ್ಕಳು ಜಗ್ಗಿದರೆ ಮೈಮೇಲೆ ಬೀಳಬಹುದು.

ಇನ್ನು, ರೊಟ್ಟಿ ಬಡಿಯುವಾಗ ನಾಲ್ಕು ವರ್ಷದ ಮಗು ಅರ್ಧ ತಾಸು ಕಾರ್ಟೂನ್ ನೋಡಿದರೆ ನೀವು ಕೆಟ್ಟ ತಾಯಿ ಆಗುವುದಿಲ್ಲ. ಹಾಗೆ ಹೆದರಿಸುವ ಸಂದೇಶ ಬಂದರೆ ಹತ್ತು ಜನರಿಗೆ ಕಳುಹಿಸುವ ಮೊದಲು ಫೋನ್ ಕೆಳಗಿಟ್ಟು, ಮಗುವಿನ ಜೊತೆ ಹತ್ತು ನಿಮಿಷ ಮಾತಾಡಿ.