ಎಲೆ ಹಿಡಿದಾಗ ಗೆಳೆತನ ಬಿಡಬೇಡ್ರಿ

ದೀಪಾವಳಿ ರಜೆಗೆ ಬೆಂಗಳೂರು, ಪುಣೆ, ಹುಬ್ಬಳ್ಳಿಯಿಂದ ಬೆಳ್ಳಟ್ಟಿಗೆ ಬಂದ ಹುಡುಗರು ರಾತ್ರಿ ಊಟ ಮುಗಿಸಿ ಏನು ಮಾಡ್ತಾರೆ? ಬ್ಯಾಗಿನಿಂದ ಇಸ್ಪೀಟ್ ಕಟ್ಟು ತೆಗೀತಾರೆ. ಹಿರಿಯರದ್ದು ಅಂದರ್ ಬಾಹರ್, ರಮ್ಮಿ, ತೀನ್ ಪತ್ತಿ. ಇವರದ್ದು ಆಫೀಸ್ ಗೆಳೆಯರಿಂದ ಕಲಿತ ಪೋಕರ್. ಆಟದ ನಿಯಮ ಫೋನಿನಲ್ಲಿ ಸಿಗುತ್ತೆ. ಆಡುವಾಗಿನ ನಡತೆಯನ್ನ ಮಾತ್ರ ಯಾರೂ ಹೇಳಿಕೊಡಲ್ಲ.

ಮೊದಲನೇದು, ನಿಮ್ಮ ಸರದಿ ಬರೋವರೆಗೂ ಸುಮ್ಮನಿರಿ. ಮೊದಲೇ ಎಲೆ ಬಿಸಾಕಿದರೆ ನಿಮಗಿಂತ ಮುಂಚೆ ಆಡಬೇಕಾದವರಿಗೆ ಪುಕ್ಕಟೆ ಸುಳಿವು ಸಿಗುತ್ತೆ. ಅದರಿಂದ ಉಳಿದವರಿಗೆ ಅನ್ಯಾಯ.

ಎರಡನೇದು, ಕೈ ಬಿಟ್ಟ ಮೇಲೆ ಬಾಯಿ ಮುಚ್ಚಬೇಕು. 'ಅಯ್ಯೋ, ನನ್ನ ಹತ್ರ ಎರಡು ರಾಜ ಇದ್ವು' ಅಂತ ಆಟ ನಡೆದಾಗಲೇ ಹೇಳಿದರೆ ಇನ್ನೂ ಆಡ್ತಿರೋರ ಲೆಕ್ಕ ಕೆಡುತ್ತೆ. ಹಿಂದೆ ಕೂತು ನೋಡೋರಿಗೂ ಇದೇ ಮಾತು. ನಮ್ಮೂರ ಕಡೆ ಆಡೋರು ಐದು ಮಂದಿ ಇದ್ದರೆ ನೋಡೋರು ಹತ್ತು ಮಂದಿ. ಎಲೆ ನೋಡಿ ಹುಬ್ಬು ಹಾರಿಸಿದರೂ ಸುದ್ದಿ ದಾಟುತ್ತೆ. ಒಂದು ಕೈಗೆ ಒಬ್ಬನೇ ಆಟಗಾರ ಅನ್ನೋದು ಪೋಕರ್‌ನ ಹಳೇ ನಿಯಮ.

ಮೂರನೇದು, ಗೆದ್ದಿದ್ದೀನಿ ಅಂತ ಖಾತ್ರಿ ಇದ್ದರೆ ಎಲೆ ಬೇಗ ತೋರಿಸಿ. ಎದುರಿನವನು ಗೆದ್ದೆ ಅಂತ ಖುಷಿಪಡೋವರೆಗೂ ಕಾದು, ಆಮೇಲೆ ಒಂದೊಂದೇ ಎಲೆ ಇಡೋದನ್ನ ಪೋಕರ್ ಆಡೋರು 'ಸ್ಲೋ ರೋಲ್' ಅಂತಾರೆ. ನಿಯಮದಲ್ಲಿ ಅದು ತಪ್ಪಲ್ಲ, ಆದರೆ ಮೇಜಿನ ಮೇಲೆ ಅದಕ್ಕಿಂತ ಕೆಟ್ಟ ನಡತೆ ಇಲ್ಲ.

ಇನ್ನು ದೊಡ್ಡ ಮಾತು, ದುಡ್ಡಿನದ್ದು. ಪೋಕರ್‌ನಲ್ಲಿ ಎಲೆಗಿಂತ ಪಣಕ್ಕೆ ಜೋರು ಜಾಸ್ತಿ. ಪಣ ಏರಿಸಿದರೆ ಒಳ್ಳೇ ಎಲೆ ಇದ್ದವನೂ ಹೆದರಿ ಬಿಡ್ತಾನೆ. ಈಗ ಯೋಚಿಸಿ. ನಿಮಗೆ ಪ್ರತಿ ತಿಂಗಳು ಸಂಬಳ. ಊರಲ್ಲೇ ಉಳಿದ ಗೆಳೆಯನಿಗೆ ಶೇಂಗಾ, ಹೆಸರು ಮಾರಿದಾಗಷ್ಟೇ ದುಡ್ಡು. ನಿಮಗೆ ಒಂದು ಪಿಜ್ಜಾದ ಬೆಲೆ ಅವನ ಮನೆಗೆ ವಾರದ ಸಂತೆ. ಅವನು ಎಲೆ ಬಿಡೋದು ಆಟಕ್ಕೆ ಸೋತು ಅಲ್ಲ, ಜೇಬಿಗೆ ಹೆದರಿ. ಅಂಥ ಗೆಲುವನ್ನ ಗೆಲುವು ಅಂತಾರೇನು?

ಅದಕ್ಕೇ ಪೋಕರ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಮೇಜಿನ ಮೇಲೆ ಇಟ್ಟಿದ್ದನ್ನಷ್ಟೇ ಪಣ ಕಟ್ಟಬೇಕು, ಕೈ ನಡೆದಾಗ ಜೇಬಿಗೆ ಕೈ ಹಾಕಂಗಿಲ್ಲ. ಮನೆ ಆಟಕ್ಕೆ ಇನ್ನೂ ಸುಲಭ ದಾರಿ ಇದೆ. ದುಡ್ಡು ಬೇಡ, ಎಲ್ಲರಿಗೂ ಐವತ್ತೈವತ್ತು ಹುಣಸೆ ಬೀಜ ಹಂಚಿ. ಮುಗಿದರೆ ಮುಗೀತು, ಸಾಲ ಇಲ್ಲ. ಸೋತವನಿಗೆ 'ತಗೋ, ಇನ್ನೊಂದು ಆಟ ಆಡು' ಅಂತ ದುಡ್ಡು ಕೊಡೋದು ಔದಾರ್ಯ ಅಲ್ಲ.

ಕಾನೂನೂ ನೆನಪಿರಲಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ದುಡ್ಡು ಕಟ್ಟಿ ಜೂಜಾಡಿದರೆ ಕೇಸು. ಹಬ್ಬ ಅಂದ್ರೂ ಬಿಡಲ್ಲ. ಮೊಬೈಲಿನಲ್ಲಿ ಆಡ್ತೀವಿ ಅಂದ್ರೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಕೌಶಲದ ಆಟ ಅನ್ನೋ ನೆಪಕ್ಕೂ ಅಲ್ಲಿ ಜಾಗ ಇಲ್ಲ.

ಕೊನೇದು, ಒಲ್ಲೆ ಅನ್ನೋರ ಬಗ್ಗೆ. ಗದುಗಿನ ಭಾರತದ ನಾಡಿನವರು ನಾವು, ಜೂಜಿನ ಕಥೆ ನಮಗೆ ಹೊಸದಲ್ಲ. ಆಟಕ್ಕೆ ಕರೆದರೆ ಹಿಂದೆ ಸರೀಬಾರದು ಅನ್ನೋ ಮರ್ಯಾದೆಗೆ ಕಟ್ಟುಬಿದ್ದೇ ಧರ್ಮರಾಯ ರಾಜ್ಯ ಕಳಕೊಂಡ. ಆ ಮರ್ಯಾದೆ ಈಗ ಬೇಡ. 'ನಾ ಒಲ್ಲೆ' ಅಂದವನನ್ನ ಅಂಜುಬುರುಕ ಅನ್ನಬೇಡ್ರಿ, ಕಾರಣ ಕೇಳಬೇಡ್ರಿ. ಪಕ್ಕದಲ್ಲೇ ಕೂಡಿಸಿಕೊಂಡು ಚಹಾ ಕೊಡ್ರಿ. ರಜೆ ಮುಗಿಸಿ ಬಸ್ ಹತ್ತುವಾಗ ನಿಮ್ಮನ್ನ ಕಳಿಸಾಕ ಬರೋದು ಅವನೇ.