ಫ್ರೀ ಅಂದ್ರೆ ಯಾವ ಫ್ರೀ?

ಕೊರವಂಗಲದಿಂದ ಹಾಸನಕ್ಕೆ ಸುಮಾರು 10 ಕಿಲೋಮೀಟರ್. ಬೆಳಗಿನ ಬಸ್ಸಿನಲ್ಲಿ ನಿಂತು ಬರುವಷ್ಟು ಹೊತ್ತಿನಲ್ಲಿ ಕಿವಿಗೆ ಬೀಳುವ ‘ಫ್ರೀ’ಗಳನ್ನ ಒಂದು ದಿನ ಎಣಿಸಿ ನೋಡಿ. “ಸಾಯಂಕಾಲ ಫ್ರೀ ಇದ್ದೀಯೇನೋ?” “ಮೂರನೇ ಪೀರಿಯಡ್ ಫ್ರೀ ಕಣೇ.” “ನಿಂದು ಫ್ರೀ ಸೀಟಾ, ಮ್ಯಾನೇಜ್‌ಮೆಂಟಾ?” “ಅತ್ತೆಗೆ ಈಗ ಮೋಷನ್ ಫ್ರೀ ಆಗ್ತಿದೆಯಂತೆ.” ಇಷ್ಟರ ಮಧ್ಯೆ ಹಿಂದಿನ ಸೀಟಿನಿಂದ ಒಂದು ಗೊಣಗು: “ಎಲ್ಲಾ ಫ್ರೀ ಮಾಡ್ಬುಟ್ರು, ನಮಗೆ ನಿಲ್ಲಾಕೂ ಜಾಗ ಇಲ್ಲ.” ಒಂದೇ ಇಂಗ್ಲಿಷ್ ಗುಣವಾಚಕ, ಐದು ಅರ್ಥ. ಅರ್ಥ ಐದಾದರೂ ಜಗಳ ಹುಟ್ಟೋದು ಮಾತ್ರ ಯಾವಾಗಲೂ ಕೊನೆಯದರಲ್ಲೇ.

ಈ ಪದವನ್ನ ಓಡಿಸಬೇಕು ಅಂತ ನಾವು ಹೇಳ್ತಿಲ್ಲ. ಕನ್ನಡ ಸಂಘದವರು ಅಂದರೆ ಬಸ್ಸಿಗೆ ‘ಷಟ್ಚಕ್ರವಾಹನ’ ಅನ್ನೋರು ಅಂತ ಕೆಲವರಿಗೆ ಇನ್ನೂ ಅನುಮಾನ ಇದೆ. ‘ಫ್ರೀ’ ನಮ್ಮ ಅಜ್ಜಿಯರೂ ಆಡುವ ಮಾತು, ಅದು ಕನ್ನಡವೇ ಆಗಿಹೋಗಿದೆ. ನಮ್ಮ ತಕರಾರು ಬೇರೆ. ಕನ್ನಡದಲ್ಲಿ ಬೇರೆ ಬೇರೆ ಡಬ್ಬಿಯಲ್ಲಿದ್ದ ಸಾಮಾನನ್ನೆಲ್ಲ ಈ ಒಂದೇ ಪದದೊಳಗೆ ಸುರಿದುಬಿಟ್ಟಿದ್ದೀವಿ. ಈಗ ಬೇಕಾದಾಗ ಬೇಕಾದ್ದು ಕೈಗೆ ಸಿಗ್ತಿಲ್ಲ.

ಡಬ್ಬಿಗಳು ಎಷ್ಟಿದ್ದವು ನೋಡಿ. ಸಮಯ ಇದ್ದರೆ ಬಿಡುವು. ಕಟ್ಟು ಕಳಚಿದರೆ ಬಿಡುಗಡೆ. ಸಂಕೋಚ ಇಲ್ಲದಿದ್ದರೆ ಸಲೀಸು. ಸಂತೆಯಲ್ಲಿ ತೂಕದ ಮೇಲೆ ಒಂದು ಹಿಡಿ ಜಾಸ್ತಿ ಹಾಕಿದರೆ ಕೊಸರು. ಕಾಸಿಲ್ಲದೆ ಸಿಕ್ಕಿದರೆ ಪುಕ್ಕಟೆ. ಕೇಳದೆಯೇ ಸಿಕ್ಕಿದರೆ ಧರ್ಮಕ್ಕೆ. (ಧರ್ಮದೇಟು ಅನ್ನೋದೂ ಕೇಳದೆ ಸಿಗುವಂಥದ್ದೇ.) ‘ಉಚಿತ’ ಅನ್ನುವ ಬೋರ್ಡಿನ ಪದದ ಕಥೆ ಇನ್ನೂ ಮಜವಾಗಿದೆ. ಸಂಸ್ಕೃತದಲ್ಲಿ ಅದಕ್ಕೆ ‘ತಕ್ಕದ್ದು, ಸರಿಯಾದದ್ದು’ ಅಂತ ಅರ್ಥ. ಅನುಚಿತ, ಔಚಿತ್ಯ ಅನ್ನುವಾಗ ಆ ಅರ್ಥ ಇನ್ನೂ ಉಸಿರಾಡ್ತಿದೆ. ಸರ್ಕಾರಿ ಬೋರ್ಡಿಗೆ ಹತ್ತಿದ ಮೇಲೆ ಮಾತ್ರ ಅದು ‘ದುಡ್ಡಿಲ್ಲ’ ಆಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ‘ಬಿಟ್ಟಿ’. ಇದು ‘ವಿಷ್ಟಿ’ಯ ತದ್ಭವ. ವಿಷ್ಟಿ ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. ಹಳೆಯ ಶಾಸನಗಳಲ್ಲಿ ಬಿಟ್ಟಿ ಬರೋದು ತೆರಿಗೆಗಳ ಸಾಲಿನಲ್ಲಿ, ಜನ ಆಳುವವರಿಗೆ ಪುಕ್ಕಟೆ ದುಡಿದು ತೀರಿಸಬೇಕಾದ ಬಾಕಿಯಾಗಿ. (ನಮ್ಮ ಹೊಯ್ಸಳ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧ ಇಲ್ಲ, ಅವನ ‘ಬಿಟ್ಟಿ’ ವಿಷ್ಣುವಿನಿಂದ ಬಂದದ್ದು.) ಆವತ್ತು ದುಡಿಸಿಕೊಂಡು ಕೂಲಿ ಕೊಡದಿದ್ದರೆ ಬಿಟ್ಟಿ. ಇವತ್ತು ದುಡ್ಡು ಕೊಡದೆ ಪಡೆದರೆ ಬಿಟ್ಟಿ. ಬೈಗುಳ ದುಡಿಸಿಕೊಂಡವನ ಕಡೆಯಿಂದ ಎದ್ದು ಬಡವರ ಕಡೆಗೆ ಹೋಗಿ ಕೂತಿದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಈ ಪದವನ್ನ ಬಸ್ಸಿನಲ್ಲಿ ಧಾರಾಳವಾಗಿ ಎಸೀತಾರೆ. ನಮ್ಮ ಸಂಘದ ಹುಡುಗಿಯರೇ ಕೇಳಿಸಿಕೊಂಡಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ತಿಂಡಿ ಮಾಡಿಟ್ಟು, ಎಂಟರ ಬಸ್ ಹಿಡಿಯುವವಳಿಗೆ ‘ಬಿಟ್ಟಿ ಗಿರಾಕಿ’ ಅನ್ನೋರು ಆ ಪದದ ಹಳೆ ಅರ್ಥವನ್ನ ಒಂದ್ಸಲ ನೋಡಬೇಕು. ಕೂಲಿಯಿಲ್ಲದ ದುಡಿಮೆ ಆ ಮನೆಯಲ್ಲಿ ಯಾರದು?

ನಾವು ಇಂಜಿನಿಯರಿಂಗ್ ಓದೋರು, ಫಸ್ಟ್ ಇಯರ್‌ನಲ್ಲೇ ಫ್ರೀ ಬಾಡಿ ಡಯಾಗ್ರಾಮ್ ಬರೆದಿದ್ದೀವಿ. ಆಧಾರದಿಂದ ಬಿಡಿಸಿ ತೆಗೆದ ವಸ್ತುವಿಗೆ ‘ಫ್ರೀ’ ಅಂತೀವಿ, ಆದರೆ ಆಧಾರ ಕೊಡ್ತಿದ್ದ ಬಲಗಳನ್ನ ಬಾಣ ಹಾಕಿ ತೋರಿಸ್ಲೇಬೇಕು, ಇಲ್ಲಾಂದ್ರೆ ಮಾರ್ಕ್ಸ್ ಇಲ್ಲ. ಫ್ರೀ ಬಸ್ಸಿಗೂ ಬಾಣ ಇದೆ. ಕಂಡಕ್ಟರ್ ಹರಿದು ಕೊಡುವ ಶೂನ್ಯ ದರದ ಟಿಕೆಟ್ ಸುಮ್ಮನೆ ಶಾಸ್ತ್ರಕ್ಕಲ್ಲ, ಆ ಟಿಕೆಟ್‌ಗಳ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಸರ್ಕಾರದ ಹಣ ಅಂದರೆ ತೆರಿಗೆ. ಬೆಂಕಿಪೊಟ್ಟಣ ಕೊಂಡ ಹೆಂಗಸೂ ಕಟ್ಟಿದ್ದು. ಯೋಜನೆ ಬೇಕೋ ಬೇಡವೋ ಅಂತ ವಾದ ಮಾಡೋಣ, ನಮ್ಮಲ್ಲೇ ಎರಡು ಗುಂಪಿದೆ. ಬಾಣ ಬಿಟ್ಟು ಚಿತ್ರ ಬರೆಯೋದು ಬೇಡ.

ಗೊಣಗುವವರಲ್ಲಿ ಅನೇಕರು ‘ಫ್ರೀ ಸೀಟ್’ನವರು ಅನ್ನೋದು ಇನ್ನೊಂದು ತಮಾಷೆ. ಆ ಪದಕ್ಕೂ ಹುಟ್ಟಿದ ದಿನಾಂಕ ಇದೆ. 1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟು ‘ಫ್ರೀ’, ಅರ್ಧ ‘ಪೇಮೆಂಟ್’ ಅಂತ ಹಂಚಿತು. ಮರುವರ್ಷ ನಮ್ಮಲ್ಲಿ ಸಿಇಟಿ ಬಂತು. ಫ್ರೀ ಸೀಟಿಗೂ ಸರ್ಕಾರಿ ಕಾಲೇಜಿನಷ್ಟು ಫೀಸು ಇತ್ತು, ಉಳಿದ ಖರ್ಚಿನ ಭಾರ ಪೇಮೆಂಟ್ ಸೀಟಿನವರ ಮೇಲೆ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಅದೇ ಕೋರ್ಟು ಈ ಏರ್ಪಾಡನ್ನ ತೆಗೆದುಹಾಕಿತು. ಒಳ್ಳೆ ಶಾಲೆಯ ಪಟ್ಟಣದ ಹುಡುಗನ ಖರ್ಚನ್ನ, ಸ್ವಲ್ಪ ಕಡಿಮೆ ಅಂಕದ ಹಳ್ಳಿ ಹುಡುಗ, ಬಡ ಹುಡುಗ ಹೊರುವಂತಾಗಿದೆ ಅನ್ನುವುದು ಕೋರ್ಟು ಕಂಡ ದೋಷಗಳಲ್ಲಿ ಒಂದು. ಏರ್ಪಾಡು ಹೋಗಿ ಇಪ್ಪತ್ತು ವರ್ಷದ ಮೇಲಾಯ್ತು, ಪದ ಮಾತ್ರ ಹಾಸ್ಟೆಲ್ ಕಾರಿಡಾರಿನಲ್ಲಿ ಹಾಗೇ ಓಡಾಡ್ತಿದೆ. ಫ್ರೀ ಸೀಟು ಅಂದರೆ ಹೆಮ್ಮೆ, ಫ್ರೀ ಟಿಕೆಟ್ ಅಂದರೆ ಅವಮಾನ. ಯಾಕೆ ಅಂತ ಯಾರೂ ಕೇಳಲ್ಲ.

ಇನ್ನೊಂದು ‘ಫ್ರೀ’ ಬಗ್ಗೆ ಬರೆಯೋಕೂ ಬೇಜಾರು. “ಅವನು ತುಂಬ ಫ್ರೀ” ಅಂದರೆ ಜಂಬ ಇಲ್ಲದವನು, ಯಾರ ಜೊತೆಗೂ ಬೆರೆಯುವವನು. “ಅವಳು ತುಂಬ ಫ್ರೀ” ಅಂದಾಗ ಹೇಳಿದವನ ಮುಖ ನೋಡಿ, ಅರ್ಥ ಅಲ್ಲಿರುತ್ತೆ. ‘ಸಲೀಸಾಗಿ ಮಾತಾಡ್ತಾಳೆ’ ಅಂದಿದ್ದರೆ ಈ ಕೊಳಕಿಗೆ ಜಾಗ ಇರ್ತಿರಲಿಲ್ಲ.

ನಮ್ಮ ಕ್ಯಾಂಪಸ್ಸಿಗೆ ನೇರವಾಗಿ ತಟ್ಟುವುದು ‘ಫ್ರೀ ಸಾಫ್ಟ್‌ವೇರ್’. ಈ ಮಾತು ಕೇಳಿದ ಕೂಡಲೇ ಪೆನ್‌ಡ್ರೈವ್ ಹಿಡಿದು ಬರುವವರೇ ಜಾಸ್ತಿ, ಕ್ರ್ಯಾಕ್ ಮಾಡಿದ ಮ್ಯಾಟ್‌ಲ್ಯಾಬ್ ಸಿಗುತ್ತೆ ಅಂತ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್ಮನ್ ಅವತ್ತಿಂದ ಇವತ್ತಿನವರೆಗೆ ವಿವರಿಸ್ತಲೇ ಇದ್ದಾರೆ: ಇದು ಬೆಲೆಯ ಮಾತಲ್ಲ, ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯದ ಮಾತು. ಇಂಗ್ಲಿಷಿಗೆ ಎರಡಕ್ಕೂ ಒಂದೇ ಪದ ಇರೋದ್ರಿಂದ ಅವರಿಗೆ ಈ ಪಾಡು. ನಮಗೇನು ಬಂದಿದೆ? ಪಕ್ಕದ ಕೇರಳದವರು ‘ಸ್ವತಂತ್ರ’ ಪದವನ್ನ ಸಂಸ್ಥೆಯ ಹೆಸರಿಗೇ ಸೇರಿಸಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಕಟ್ಟಿಕೊಂಡರು.

ಈ ವ್ಯತ್ಯಾಸ ಕನ್ನಡಕ್ಕೆ ಬಿಸಿ ಮುಟ್ಟಿಸಿದೆ. ‘ಬರಹ’ ತಂತ್ರಾಂಶ ವರ್ಷಗಟ್ಟಲೆ ಪುಕ್ಕಟೆ ಸಿಗ್ತಿತ್ತು, ಲಕ್ಷಾಂತರ ಪುಟ ಕನ್ನಡ ಅದರಿಂದಲೇ ಟೈಪ್ ಆಯ್ತು, ಆ ಉಪಕಾರ ದೊಡ್ಡದು. ಆದರೆ ಅದರ ಮೂಲ ಕೋಡ್ ನಮ್ಮ ಕೈಯಲ್ಲಿರಲಿಲ್ಲ. ಮುಂದೆ ಹೊಸ ಆವೃತ್ತಿಗೆ ದುಡ್ಡು ಅಂದಾಗ ಕೊಳ್ಳಬೇಕು ಅಥವಾ ಬಿಡಬೇಕು ಅಷ್ಟೆ. ಅದೇ ಲಿನಕ್ಸಿನ ಜೊತೆ ಬರುವ ‘ಗುಬ್ಬಿ’, ‘ನವಿಲು’ ಫಾಂಟ್‌ಗಳನ್ನ ನೋಡಿ. ಒತ್ತಕ್ಷರ ಸರಿ ಕೂತಿಲ್ಲ ಅನ್ನಿಸಿದರೆ ನಾವೇ ಬಿಚ್ಚಿ ಸರಿಮಾಡಿ ಹಂಚಬಹುದು, ಯಾರ ಅಪ್ಪಣೆಯೂ ಬೇಡ. ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಾಗಲೂ ಇದೇ ಕಥೆ. ಡೇಟಾಗೆ ಕಾಸಿಲ್ಲ, ಆದರೆ ಯಾವ ಸೈಟ್ ನೋಡಬೇಕು ಅನ್ನುವ ಆಯ್ಕೆ ಅವರದ್ದು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ಭೇದದ ದರಗಳನ್ನೇ ನಿಷೇಧಿಸಿತು.

ಇಲ್ಲಿಗೆ ನಮ್ಮದೇ ಒಂದು ತಾಪತ್ರಯ. ಮುಂದಿನ ತಿಂಗಳ ಲಿನಕ್ಸ್ ಕಾರ್ಯಾಗಾರದ ಪೋಸ್ಟರಿಗೆ ಯಾವ ಪದ ಹಾಕೋದು? ‘ಮುಕ್ತ’ ಅಂದರೆ ಮುಕ್ತ ವಿಶ್ವವಿದ್ಯಾಲಯದ ಹಾಗೆ ‘ಓಪನ್’ ಅರ್ಥವೂ ಅದಕ್ಕಿದೆ, ಫ್ರೀ ಅಂಡ್ ಓಪನ್ ಅನ್ನೋಕೆ ಹೋದರೆ ‘ಮುಕ್ತ ಮತ್ತು ಮುಕ್ತ’ ಆಗುತ್ತೆ. ‘ಉಚಿತ’ ಹಾಕಿದರೆ ಮತ್ತೆ ಪೆನ್‌ಡ್ರೈವ್. ಸಿ ಕ್ಲಾಸಿನಲ್ಲಿ ಮೆಮೊರಿ ‘ಫ್ರೀ’ ಮಾಡಿ ಮಾಡಿ ಬೇಸತ್ತವರು ‘ಬಿಡುಗಡೆ’ ಅಂತಿದ್ದಾರೆ, ಅದು ‘ರಿಲೀಸ್’ ಆಗಿ ಸಿನಿಮಾ ಪೋಸ್ಟರ್ ಥರ ಕಾಣುತ್ತೆ ಅಂತ ಉಳಿದವರು. ಸದ್ಯಕ್ಕೆ ‘ಸ್ವತಂತ್ರ ತಂತ್ರಾಂಶ’ ಅಂತ ದೊಡ್ಡದಾಗಿ, ಕೆಳಗೆ ಬೇರೆ ಸಾಲಿನಲ್ಲಿ ‘ಪ್ರವೇಶಕ್ಕೆ ಶುಲ್ಕವಿಲ್ಲ’ ಅಂತ ಚಿಕ್ಕದಾಗಿ ಬರೆದಿಟ್ಟಿದ್ದೀವಿ. ಇದಕ್ಕಿಂತ ಒಳ್ಳೆ ಪದ ಹೊಳೆದರೆ, ಬಿಡುವಾದಾಗ, ಸಂಘದ ರೂಮಿಗೆ ಬಂದು ಹೇಳಿ.